ನಡುವೆ ದಲ್ಲಾಳಿ ಯಾಕೆ?

ವೆಬ್ ಪುಟಕ್ಕೆ ಬಣ್ಣ, ಅಂದ ಕೊಡುವ ಸಿಎಸ್‌ಎಸ್ ಕಲಿಯಬಂದ ಮಕ್ಕಳಿಗೆ 'ಮೊದಲು ಸ್ಯಾಸ್ ಕಲಿಯಿರಿ' ಎನ್ನುವ ತರಬೇತಿದಾರರನ್ನು ಕಂಡರೆ ನನಗೆ ರೇಗುತ್ತದೆ. 2006ರಲ್ಲಿ ಸ್ಯಾಸ್ ಎಂಬ ಪ್ರಿಪ್ರೊಸೆಸರ್ ಬಂದಾಗ ಅದು ಬೇಕಿತ್ತು, ಒಪ್ಪುತ್ತೇನೆ. ಒಂದೇ ಬಣ್ಣದ ಸಂಖ್ಯೆಯನ್ನು ನಲವತ್ತು ಕಡೆ ಬರೆಯುವ ಪಾಡು ಆಗಿನದು. ಸ್ಯಾಸ್ ಆ ಬಣ್ಣಕ್ಕೊಂದು ಹೆಸರಿಡಲು ಬಿಟ್ಟು, ಆಮೇಲೆ ಎಲ್ಲವನ್ನೂ ಬ್ರೌಸರಿಗೆ ತಿಳಿಯುವ ಸಿಎಸ್‌ಎಸ್ ಆಗಿ ಮಾರ್ಪಡಿಸಿ ಕೊಡುತ್ತಿತ್ತು.

ಈಗ ಸಿಎಸ್‌ಎಸ್ಸಿಗೇ ಹೆಸರಿಡಲು ಬರುತ್ತದೆ. 2017ರ ಹೊತ್ತಿಗೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಲ್ಲಕ್ಕೂ ಅದು ತಿಳಿದಿತ್ತು. ಸ್ಯಾಸ್‌ನ ಹೆಸರು ಮಾರ್ಪಾಟಿನಲ್ಲೇ ಅಳಿದುಹೋಗುತ್ತದೆ. ಸಿಎಸ್‌ಎಸ್‌ನದು ಪುಟ ತೆರೆದ ಮೇಲೂ ಜೀವಂತ. ಓದುಗ ಗುಂಡಿ ಒತ್ತಿದೊಡನೆ ಬಿಳಿ ಪುಟವನ್ನು ಕಪ್ಪಾಗಿಸಬಹುದು. ನಿಯಮದೊಳಗೆ ನಿಯಮ ಬರೆಯುವ ಸೌಕರ್ಯವೂ 2023ರಲ್ಲಿ ಈ ಬ್ರೌಸರುಗಳಿಗೆ ಬಂತು. ಇನ್ನು ದಲ್ಲಾಳಿಗೆ ಯಾವ ಕೆಲಸ?

ಲೂಪು, ಮಿಕ್ಸಿನ್ನು ಬೇಕೆನ್ನುವ ದೊಡ್ಡ ಕಂಪನಿಗಳು ಸ್ಯಾಸ್ ಇಟ್ಟುಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ನಮ್ಮ ಶಾಲೆಯ ಲ್ಯಾಬಿನಲ್ಲಿ ಕರೆಂಟು ಇದ್ದ ದಿನ ನೆಟ್ ಇರುವುದಿಲ್ಲ. ನೋಟ್‌ಪ್ಯಾಡು, ಬ್ರೌಸರು ಎರಡೇ ಸಾಕಾದ ವಿದ್ಯೆಗೆ 'ಅದನ್ನು ಇಳಿಸಿಕೋ, ಇದನ್ನು ಇನ್‌ಸ್ಟಾಲ್ ಮಾಡು' ಎಂದರೆ ಎಂಟನೆಯ ತರಗತಿಯ ಹುಡುಗಿ ಎಲ್ಲಿಗೆ ಹೋಗಬೇಕು? ಪುಟ ಕೆಟ್ಟರೆ, ತಪ್ಪಿದ್ದು ತಾನು ಬರೆದ ಸಾಲೋ ಯಂತ್ರ ಬರೆದದ್ದೋ ಎಂದು ಅವಳು ಯಾರನ್ನು ಕೇಳಬೇಕು?