ಬಣ್ಣ ಯಾಕೆ ಬಳಿಯಬೇಕು?

ಮಾವನವರು ತೀರಿಕೊಂಡು ವರ್ಷ ತುಂಬುವ ಮೊದಲೇ ಪಾಳ್ಯದ ನಮ್ಮ ಮನೆಯ ಗಂಡಸರ ಕಣ್ಣು ಶೆಡ್ಡಿನಲ್ಲಿದ್ದ ಕಾರಿನ ಮೇಲೆ ಬಿತ್ತು. 1962ರ ಫಿಯಟ್ 1100. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ತಯಾರಿಸಿದ್ದು. ಮೈಸೂರು ರಾಜ್ಯದ ಕಾಲದ ನಂಬರು, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಮಾರಲಿ, ನನ್ನ ತಕರಾರಿಲ್ಲ. ಮಳೆಗಾಲವಿಡೀ ಗೋಡೆಯೇ ಬೆವರುವ ಈ ಸೀಮೆಯಲ್ಲಿ ಓಡದ ಕಾರನ್ನು ಎಷ್ಟು ದಿನ ಕಾಯುವುದು? ನನಗೆ ಸಿಟ್ಟು ಬಂದದ್ದು ಮೈದುನನ ಮುಂದಿನ ಮಾತಿಗೆ.

"ಟಿಂಕರಿಂಗ್ ಮಾಡಿಸಿ, ಪೇಂಟ್ ಹೊಡೆಸಿ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿಬಿಡೋಣ ಅತ್ತಿಗೆ. ಒಳ್ಳೇ ರೇಟು ಬರುತ್ತೆ."

ನನ್ನನ್ನು ನೋಡಲು ಬಂದ ದಿನ ಚಿಕ್ಕಮ್ಮ ಮುಖಕ್ಕೆ ಅರ್ಧ ಡಬ್ಬಿ ಪೌಡರ್ ಬಳಿದು ಕೂರಿಸಿದ್ದು ನೆನಪಾಯಿತು. ಬಂದವರ ಮನೆಯ ಅಜ್ಜಿ ಸುಮ್ಮನೆ ನನ್ನ ಕತ್ತನ್ನೂ ಕೈಯನ್ನೂ ನೋಡಿದ್ದರು. ಹಳೆಯ ಕಾರು ಕೊಳ್ಳುವವನೂ ಆ ಅಜ್ಜಿಯಂಥವನೇ. ಹೊಸ ಬಣ್ಣ ಕಂಡ ಕೂಡಲೇ ಕೆಳಗೆ ಎಷ್ಟು ತುಕ್ಕಿದೆ, ಎಷ್ಟು ಪುಟ್ಟಿ ಮೆತ್ತಿದ್ದಾರೆ ಎಂದು ಅವನಿಗೆ ಅನುಮಾನ. ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಹಿಡಿದು ನೋಡುತ್ತಾನೆ. ತಗಡಾದರೆ ಅಂಟುತ್ತದೆ, ದಪ್ಪಗೆ ಪುಟ್ಟಿ ಇದ್ದ ಕಡೆ ಜಾರುತ್ತದೆ. ಮಾಸಿದ ಮೂಲ ಬಣ್ಣಕ್ಕಿಂತ ದೊಡ್ಡ ಸಾಕ್ಷಿ ಕಾರಿಗೆ ಇನ್ನೇನು ಬೇಕು?

ಧರ್ಮಸ್ಥಳದ ಸಂಗ್ರಹದ ಹಳೆಯ ಕಾರುಗಳು ಥಳಥಳ ಹೊಳೆಯುವುದಿಲ್ಲವೇ ಎಂದು ನಮ್ಮ ಯಜಮಾನರು ಕೇಳಿದರು. ಹೊಳೆಯಲಿ. ತಳ ಉದುರಿದ ಕಾರನ್ನು ಮತ್ತೆ ಕಟ್ಟಿ ನಿಲ್ಲಿಸುವುದು ಪುಣ್ಯದ ಕೆಲಸವೇ. ಆದರೆ ನೆಟ್ಟಗಿರುವುದಕ್ಕೂ ಅದೇ ಮದ್ದೇ? 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನಿಯಮ ಓದಿ ಹೇಳಿದೆ: ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ವಾಹನ ಮೂಲ ರೂಪದಲ್ಲಿರಬೇಕು, ಛಾಸಿ, ಬಾಡಿ, ಇಂಜಿನ್ನುಗಳನ್ನು ಗಣನೀಯವಾಗಿ ಬದಲಿಸಿರಬಾರದು. ಹಳೆಯ ನಂಬರನ್ನೂ ಉಳಿಸಿಕೊಳ್ಳಬಹುದು. ಬಣ್ಣಕ್ಕೆ ಅಡ್ಡಿಯಿಲ್ಲ, ನಿಜ. ಆದರೆ ವರ್ಕ್‌ಶಾಪಿಗೆ ಬಿಟ್ಟ ಕಾರು ಬಣ್ಣಕ್ಕೇ ನಿಲ್ಲುತ್ತದೆಯೇ? ಡೀಸೆಲ್ ಇಂಜಿನ್ ಕೂರಿಸಿಕೊಂಡು ವಾಪಸು ಬಂದ ಫಿಯಟ್ಟುಗಳನ್ನು ನಾನೇ ಕಂಡಿದ್ದೇನೆ.

ಈ ವಾದವೆಲ್ಲ ನಡೆಯುವಾಗ ಅತ್ತೆ ಒಳಗೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಅವರನ್ನು ಯಾರೂ ಕರೆಯಲಿಲ್ಲ. ಕಾರು ಚೆನ್ನಾಗಿ ಉಳಿದಿದೆ ಎನ್ನುತ್ತೀರಲ್ಲ, ತಾನಾಗಿ ಉಳಿಯಿತೇ? ಮಾವನವರು ಓಡಿಸಿದರು. ಹಳೆಯ ನೂಲಿನ ಸೀರೆ ಹರಿದು ಸೀಟಿಗೆ ಗೌಸು ಹೊಲಿದವರು ಅತ್ತೆ. ಡಿಕ್ಕಿಯಲ್ಲಿ ಇಲಿ ಸೇರದಂತೆ ಲಕ್ಕಿಸೊಪ್ಪು ಇಟ್ಟವರು, ಆಶ್ಲೇಷಾ ಮಳೆ ಹೊಳವಾದ ದಿನ ನಾಲ್ಕೂ ಬಾಗಿಲು ತೆರೆಸಿ ಗಾಳಿಯಾಡಿಸಿದವರು, ಮೊದಲ ದಿನದ ರಸೀತಿಯನ್ನು ಟ್ರಂಕಿನಲ್ಲಿ ಕಾಪಾಡಿದವರು ಅವರೇ. ಬಾನೆಟ್ಟಿನ ಮೇಲೆ ಆಯುಧಪೂಜೆಯ ಕುಂಕುಮದ ಕಲೆ ಹಾಗೇ ಉಳಿದಿದೆ. ಆ ಕಾರಿನಲ್ಲಿ ಅವರಿಗೆ ಮುಂದಿನ ಸೀಟು ಸಿಕ್ಕಿದ್ದು ಮಾತ್ರ ಅಪರೂಪ.

ಅತ್ತೆಯ ನೆನಪಾದದ್ದು ಸಹಿ ಬೇಕಾದಾಗ. ಕಾರು ಸತ್ತವರ ಹೆಸರಿನಲ್ಲಿತ್ತು. ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ಉಯಿಲು ಬರೆದಿಟ್ಟಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡನ ಸ್ವಂತ ಗಳಿಕೆಯಲ್ಲಿ ಹೆಂಡತಿಗೂ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಸಮಪಾಲು. ಕಾಫಿ ತೋಟಕ್ಕೆ ಅನ್ವಯಿಸುವ ಈ ಲೆಕ್ಕ ಕಾರಿಗೂ ಅನ್ವಯಿಸುತ್ತದೆ ಎಂದಾಗ ಮೈದುನ, "ಕಾರಿಗೂ ಪಾಲಾ ಅತ್ತಿಗೆ?" ಎಂದು ನಕ್ಕ. ಒಂದು ಜೊತೆ ಬಳೆಗೆ ತೂಕ ಹಾಕಿ ಪಾಲು ಕೇಳಿದ ಮನೆಯಿದು! ನಗುವಂಥದ್ದೇನಿದೆ ನೀವೇ ಹೇಳಿ.

ಅತ್ತೆ ಕೈ ತೊಳೆದುಕೊಂಡು ಹೊರಗೆ ಬಂದರು. "ಬಣ್ಣ ಬಳಿದ್ರೆ ನಾನು ಸೈನ್ ಹಾಕಲ್ಲ ಕಣ್ರೋ" ಎಂದರು, ಅಷ್ಟೇ.

ಕಾರು ಇದ್ದ ಹಾಗೇ ಹೋಯಿತು, ಕುಂಕುಮದ ಕಲೆ ಸಮೇತ. ಹಣ ನಾಲ್ಕು ಪಾಲಾಯಿತು, ನಾದಿನಿಗೂ ಒಂದು. ಕೊಂಡವರು ಸೀಟಿನ ಗೌಸನ್ನೂ ಬಿಟ್ಟುಕೊಡಿ ಎಂದು ಕೇಳಿದರು. ಅದು ಕಾರಿನ ಜೊತೆ ಬಂದದ್ದಲ್ಲ, ತನ್ನ ಸೀರೆ ಎಂದು ಅತ್ತೆ ಬಿಚ್ಚಿಕೊಂಡು ಒಳಗೆ ಹೋದರು.