ತಲೆ ಎಣಿಸಿ ಕೊಡುವ ಹತ್ತು ಸಾವಿರ

ಬೆಂಗಳೂರಿನ ಗಂಗಾನಗರದಲ್ಲಿ ಬಡವರಿದ್ದಾರೆ ಎಂದರೆ ನಗುವವರೇ ಹೆಚ್ಚು. ಪಕ್ಕದಲ್ಲೇ ಬಳ್ಳಾರಿ ರಸ್ತೆ, ಸಿಬಿಐ ಕಚೇರಿ. ಸೈಟಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಬೆಳಿಗ್ಗೆ ಶಾಲಾ ವ್ಯಾನುಗಳೆಲ್ಲ ಹೋದ ಮೇಲೆ ಒಮ್ಮೆ ಬೀದಿಗಿಳಿದು ನೋಡಿ. ನಮ್ಮ ಅಡ್ಡರಸ್ತೆಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ತಗಡಿನ ಶೆಡ್ಡಿನಿಂದ ಒಬ್ಬ ಹುಡುಗಿ ಹೊರಡುತ್ತಾಳೆ. ಸೊಂಟದ ಮೇಲೆ ತಮ್ಮ, ಹೆಗಲಿಗೆ ಸಿಮೆಂಟ್ ಕಂಪನಿಯ ಹೆಸರಿರುವ ಚೀಲ. ಊರು ಯಾದಗಿರಿ ಕಡೆ. ದೀಪಾವಳಿ ಕಳೆದ ಮೇಲೆ ಬಂದವಳು, ಯುಗಾದಿಗೆ ಹೋಗುತ್ತಾಳೆ. ಸರ್ಕಾರಿ ಶಾಲೆಯಲ್ಲಿ ತಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡೇ ಮೂರನೇ ಕ್ಲಾಸಿನ ಪಾಠ ಕೇಳುತ್ತಾಳೆ. ಮೇಡಂ ಬೈಯುವುದಿಲ್ಲ, ಬೈದರೆ ಇಬ್ಬರೂ ಬರುವುದಿಲ್ಲವೆಂದು ಅವರಿಗೆ ಗೊತ್ತು.

ಶಾಲಾ ಗಣತಿಗೆ ವಾಡಿಕೆಯ ದಿನ ಸೆಪ್ಟೆಂಬರ್ 30. ಆ ದಿನ ಈ ಹುಡುಗಿ ಊರಿನ ಹೊಲದಲ್ಲಿದ್ದಳು, ಇಲ್ಲಿನ ಶಾಲೆಯ ಲೆಕ್ಕಕ್ಕೆ ಸಿಗಲಿಲ್ಲ.

ಹಿಂದುಳಿದಿರುವಿಕೆಯನ್ನು ನಾವು ತಾಲ್ಲೂಕಿನ ಲೆಕ್ಕದಲ್ಲಿ ಅಳೆಯುತ್ತಾ ಬಂದವರು. 2002ರ ನಂಜುಂಡಪ್ಪ ವರದಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ದೊಡ್ಡ ಕೆಲಸ, ಅನುಮಾನವಿಲ್ಲ. ಬೆಂಗಳೂರು ಉತ್ತರ ಆ ಪಟ್ಟಿಯಲ್ಲಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೆ ಬಡತನ ಬಸ್ಸು ಹತ್ತುತ್ತದೆಯಲ್ಲ! 2021ರ ಡಿಸೆಂಬರಿನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಅದು ಸಿಕ್ಕಿದ್ದು ಯಾದಗಿರಿಯೂ ಸೇರಿ ಏಳು ಜಿಲ್ಲೆಗಳಿಗೆ. ಅಲ್ಲಿನ ಮಗು ಅಪ್ಪನ ಹಿಂದೆ ಹೆಬ್ಬಾಳಕ್ಕೆ ಬಂದರೆ ಮೊಟ್ಟೆ ಖೋತಾ. ಮೊಟ್ಟೆ ತಿನ್ನಿಸಬಹುದೇ ಎಂದು ಮಠಗಳು ಎಬ್ಬಿಸಿದ ಗದ್ದಲದಲ್ಲಿ ಈ ಮಾತು ಯಾರ ಕಿವಿಗೂ ಬೀಳಲಿಲ್ಲ. ಮರುವರ್ಷ ಯೋಜನೆ ರಾಜ್ಯಕ್ಕೆಲ್ಲ ಬಂತು, ಬಚಾವು.

ಹಣದ ಕಥೆ ಇನ್ನೂ ಸೊಗಸು. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಅದೇ ಗಣತಿಯಂತೆ ತಲೆ ಎಣಿಸಿ ಬರುತ್ತದೆ: ಮೂವತ್ತು ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, ನೂರರವರೆಗೆ 25,000. ಸಂಬಳ ಬೇರೆ, ನಿಜ. ಸೀಮೆಸುಣ್ಣ, ಶೌಚಾಲಯ ತೊಳೆಯುವ ಫಿನಾಯಿಲ್ ಎಲ್ಲ ಇದರಲ್ಲೇ. ಆ ಮೂವತ್ತು ಮಕ್ಕಳು ಗಾರೆ ಕೆಲಸದವರವೋ ಗುಮಾಸ್ತರವೋ ಎಂದು ಕೇಳುವ ಕಾಲಂ ಆ ಲೆಕ್ಕದಲ್ಲಿಲ್ಲ. ಇದೇ ಸರ್ಕಾರ ಶಿಕ್ಷಣ ಹಕ್ಕಿನ ಆರ್‌ಟಿಇ ಸೀಟಿಗೆ ಖಾಸಗಿ ಶಾಲೆಗೆ ಒಂದು ಮಗುವಿಗೇ ವರ್ಷಕ್ಕೆ 16,000ದವರೆಗೆ ಕಟ್ಟುತ್ತಿತ್ತು. 2019ರಲ್ಲಿ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಸೀಟಿಲ್ಲ ಎಂದಾಯಿತು. ಹೈಕೋರ್ಟೂ ಒಪ್ಪಿತು. ತಪ್ಪೆನ್ನಲಾರೆ. ನನ್ನ ತಕರಾರು ಇಷ್ಟೇ: ಮಗು ಸರ್ಕಾರಿ ಶಾಲೆಗೆ ವಾಪಸು ಬಂತು, ಆ ಹದಿನಾರು ಸಾವಿರ ಏಕೆ ಜೊತೆಗೆ ಬರಲಿಲ್ಲ?

ಈಗಿನ ಜಗಳ ಸಣ್ಣ ಶಾಲೆಗಳನ್ನು ಕರ್ನಾಟಕ ಪಬ್ಲಿಕ್ ಶಾಲೆಗಳೊಳಗೆ ಕರಗಿಸುವುದರ ಬಗ್ಗೆ. ದೊಡ್ಡ ಶಾಲೆ, ಇಂಗ್ಲಿಷ್, ಲ್ಯಾಬು, ಎಲ್ಲ ಚೆಂದ. ಸೊಂಟದಲ್ಲಿ ತಮ್ಮನನ್ನು ಹೊತ್ತವಳು ಬಳ್ಳಾರಿ ರಸ್ತೆ ದಾಟಿ ಅಲ್ಲಿಗೆ ಹೋಗುವುದು ಹೇಗೆಂದು ಕಡತ ಬರೆದವರು ಹೇಳಲಿ.

ಇಂಗ್ಲೆಂಡಿನಲ್ಲಿ 2011ರಿಂದ ಬಡ ಮಗುವಿನ ಲೆಕ್ಕದಲ್ಲಿ ಹೆಚ್ಚುವರಿ ಹಣ ಶಾಲೆಗೆ ಹೋಗುತ್ತಿದೆ. ಐರ್ಲೆಂಡ್ 2005ರಲ್ಲೇ ಬಡ ಮಕ್ಕಳು ಹೆಚ್ಚಿರುವ ಶಾಲೆಗಳನ್ನು ಪಟ್ಟಿ ಮಾಡಿ ನೆರವಾಗುವ ಯೋಜನೆ ತಂದಿತು. ನಮಗೆ ಹೊಸ ಸಮೀಕ್ಷೆಯೂ ಬೇಡ. ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೂ ನಂಬರಿದೆ, ದಾಖಲಾತಿ ಅರ್ಜಿಯಲ್ಲಿ ಮನೆಯ ವಿವರವಿದೆ. ಬೇಕಿರುವುದು ಇವೆರಡನ್ನೂ ಕೂಡಿಸುವ ಮನಸ್ಸು.

'ಬಡವರ ಶಾಲೆ' ಎಂಬ ಹಣೆಪಟ್ಟಿ ಹಚ್ಚಿದರೆ ಉಳಿದವರೂ ಟಿಸಿ ತೆಗೆದುಕೊಂಡು ಹೋಗುತ್ತಾರೆ ಎನ್ನುವ ಶಿಕ್ಷಕರಿದ್ದಾರೆ. ಈ ಭಯಕ್ಕೆ ಕಾರಣವಿದೆ. ಪಟ್ಟಿ ಇಲಾಖೆಯ ಕಂಪ್ಯೂಟರಿನಲ್ಲಿರಲಿ, ಗೇಟಿಗೆ ಬೋರ್ಡು ಬೇಡ. ಶಾಲೆಗೆ ಕಾಣಬೇಕಾದದ್ದು ಇನ್ನೊಬ್ಬ ಟೀಚರ್ ಮತ್ತು ತಮ್ಮನಿಗೊಂದು ಅಂಗನವಾಡಿ.

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ. ಗಣತಿಯನ್ನು ಜನವರಿಯಲ್ಲಿ ಇನ್ನೊಮ್ಮೆ ಮಾಡಿ. ಆಗ ಅವಳು ಇಲ್ಲೇ ಇರುತ್ತಾಳೆ.