ಅಂಗಣದ ಮಾತು, ತರಬೇತಿಯ ಮಾತು

ಅಂಗನವಾಡಿ ಎಂಬ ಪದವನ್ನು ಇಡೀ ದೇಶಕ್ಕೆ ಕೊಟ್ಟದ್ದು ಮರಾಠಿ ನೆಲ. 1945ರಲ್ಲಿ ತಾರಾಬಾಯಿ ಮೋಡಕರು ಬೋರ್ಡಿಯಲ್ಲಿ ಶಿಶುಶಿಕ್ಷಣದ ಕಾರ್ಯವನ್ನು ಆರಂಭಿಸಿದಾಗ, ಬಾಲವಾಡಿಗೆ ಬಾರದ ಬಡವರ ಮಕ್ಕಳ ಬಳಿಗೆ, ಅವರ ಗುಡಿಸಲುಗಳ ಅಂಗಣಕ್ಕೇ ಶಾಲೆಯನ್ನು ಒಯ್ದರು. ಕಲ್ಲು, ಎಲೆ, ಬೀಜ, ಚಿಪ್ಪುಗಳೇ ಪಾಠೋಪಕರಣಗಳಾದವು. ಮುಂದೆ ಅನುತಾಯಿ ವಾಘರೊಡನೆ ಕೋಸಬಾಡದಲ್ಲಿ ವಾರ್ಲಿ ಮಕ್ಕಳ ನಡುವೆ ಈ ಕಾರ್ಯ ಬೆಳೆಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಸೇವಾ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾದಾಗ ಅದರ ಕೇಂದ್ರಗಳಿಗೆ ಈ ಹೆಸರೇ ನಿಂತಿತು. ಮರಾಠಿಯ ಅಂಗಣ ನಮ್ಮ ಅಂಗಳವೇ. ಮಗು ಇರುವಲ್ಲಿಗೆ ಕಲಿಸುವವರು ಹೋಗಬೇಕೆಂಬ ವಿಚಾರ ಆ ಪದದ ಒಡಲಲ್ಲಿದೆ. ಭಾಷೆಯ ಮಟ್ಟಿಗೆ ಮಾತ್ರ ಆ ವಿಚಾರ ನಮ್ಮ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಹಳ್ಳಿಗಳನ್ನು ಇನ್ನೂ ತಲುಪಿಲ್ಲವೆಂಬುದು ನನ್ನ ಆಕ್ಷೇಪ.

ನಾಗಣಸೂರು, ದುಧನಿ, ಉಮದಿ, ಸಂಖದಂಥ ಊರುಗಳಲ್ಲಿ ಅಂಗನವಾಡಿಯ ಸೇವಿಕೆ ಹೊರಗಿನವಳಲ್ಲ. ಅದೇ ಊರಿನ ಮಗಳು ಇಲ್ಲವೆ ಸೊಸೆ. ಮನೆಮಾತು ಬಹುಪಾಲು ಕನ್ನಡವೇ. ಹಾಗಿದ್ದ ಮೇಲೆ ತೊಡಕೆಲ್ಲಿ ಎಂದು ನೀವು ಕೇಳಬಹುದು. ಆಕೆ ಮಕ್ಕಳನ್ನು ಕರೆಯುವುದು, ಕೈ ತೊಳೆಸುವುದು, ಉಣಿಸುವುದು, ಅಳು ನಿಲ್ಲಿಸುವುದು ಎಲ್ಲವೂ ಕನ್ನಡದಲ್ಲಿ ನಡೆಯುತ್ತದೆ. ಚಿತ್ರಪಟ ಬಿಚ್ಚಿದೊಡನೆ, ಹಾಡು ಹೇಳಿಸುವ ಗಳಿಗೆ ಬಂದೊಡನೆ ಮಾತು ಮರಾಠಿಗೆ ತಿರುಗುತ್ತದೆ. ಇದಕ್ಕೆ ಆಕೆಯ ದುರಾಗ್ರಹ ಕಾರಣವಲ್ಲ. ಆಕೆಗೆ ದೊರೆತ ತರಬೇತಿ ಮರಾಠಿಯಲ್ಲಿ, ಕೈಪಿಡಿ ಮರಾಠಿಯಲ್ಲಿ, ಮುಖ್ಯಸೇವಿಕೆ ಬಂದು ನೋಡುವ ದಾಖಲೆ ಮರಾಠಿಯಲ್ಲಿ. ಹೀಗೆ ಮೂರು ವರ್ಷದ ಕೂಸು ಯಾರೂ ಬಾಯಿಬಿಟ್ಟು ಹೇಳದ ಒಂದು ಪಾಠವನ್ನು ಕಲಿತುಬಿಡುತ್ತದೆ: ತನ್ನ ಮಾತು ಉಣ್ಣುವುದಕ್ಕೆ, ಅಳುವುದಕ್ಕೆ, ಕಲಿಯುವುದಕ್ಕೆ ಬೇರೆಯ ಮಾತು.

ಒಂದು ಪದವನ್ನು ನೋಡಿರಿ. ಚಿತ್ರದಲ್ಲಿ ಸೀರೆಯುಟ್ಟ ಹೆಂಗಸು. ಕೆಳಗೆ 'ಆಈ' ಎಂದು ಮರಾಠಿ ಅಕ್ಷರ. ಮರಾಠಿಯಲ್ಲಿ ಅದು ತಾಯಿ. ನಮ್ಮ ಸೀಮೆಯ ಕನ್ನಡದ ಮಗುವಿಗೆ ತಾಯಿ 'ಅವ್ವ'. 'ಆಯಿ' ಎಂದರೆ ಮುತ್ಯಾನ ಜೊತೆಗಿರುವ ಅಜ್ಜಿ. ಚಿತ್ರದಲ್ಲಿರುವವಳು ಆಯಿಯಲ್ಲ, ಅವ್ವನೆಂದು ಮಗು ಹೇಳಿದರೆ ಅದು ಸರಿಯನ್ನೇ ಹೇಳಿದೆ. ಇದನ್ನು ತಪ್ಪೆಂದು ತಿದ್ದುವ ಸೇವಿಕೆಗೂ ಮನೆಯಲ್ಲಿ ಆಯಿ ಅಜ್ಜಿಯೇ! ಆದರೂ ತಿದ್ದುತ್ತಾಳೆ, ಏಕೆಂದರೆ ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ.

ಎಣಿಕೆಯದು ಇನ್ನೂ ಸೂಕ್ಷ್ಮವಾದ ಸಂಗತಿ. ಕನ್ನಡದಲ್ಲಿ ಇಪ್ಪತ್ತೊಂದು ಎನ್ನುವಾಗ ಇಪ್ಪತ್ತು ಮೊದಲು, ಒಂದು ಆಮೇಲೆ. ಬರೆಯುವ ಕ್ರಮವೂ ಅದೇ. ಮರಾಠಿಯ 'ಏಕವೀಸ'ದಲ್ಲಿ ಒಂದು ಮೊದಲು, ಇಪ್ಪತ್ತು ಆಮೇಲೆ. ಕಿವಿಗೆ ಬಿದ್ದ ಕ್ರಮದಲ್ಲೇ ಬರೆಯಹೊರಟ ಮಗು 21ರ ಬದಲು 12 ಎಂದು ಬರೆದರೆ ಅದು ದಡ್ಡತನವಲ್ಲ, ಕೇಳಿದ್ದನ್ನು ನಂಬಿದ ಫಲ. ಮರಾಠಿ ಮನೆಮಾತಿನ ಮಗುವೂ ಈ ಘಟ್ಟವನ್ನು ದಾಟಲೇಬೇಕು, ನಿಜ. ಆದರೆ ಕನ್ನಡದ ಮಗುವಿಗೆ ತನ್ನ ಮಾತಿನಲ್ಲೇ ನೇರವಾದ ದಾರಿಯೊಂದಿತ್ತು. ಆ ದಾರಿಯಿಂದ ಹೊರಟು ಮರಾಠಿಯ ಎಣಿಕೆಗೆ ಬಂದಿದ್ದರೆ ಎರಡೂ ಗಟ್ಟಿಯಾಗುತ್ತಿದ್ದವು.

ನಾನು ಮರಾಠಿಯ ವಿರೋಧಿಯಲ್ಲ. ಎರಡೂ ಭಾಷೆಗಳಲ್ಲಿ ಓದಿ ಬೆಳೆದವನು. ಈ ರಾಜ್ಯದಲ್ಲಿ ಬಾಳುವ ನಮ್ಮ ಮಕ್ಕಳಿಗೆ ಮರಾಠಿ ಚೆನ್ನಾಗಿ ಬರಬೇಕೆಂದು ಬಯಸುವವನು. ಮೊದಲ ಭಾಷೆಯಲ್ಲಿ ಕಥೆ ಹೇಳಬಲ್ಲ, ಹೋಲಿಸಬಲ್ಲ, ಪ್ರಶ್ನೆ ಕೇಳಬಲ್ಲ ಮಗು ಎರಡನೆಯದನ್ನು ಬೇಗ ಹಿಡಿಯುತ್ತದೆ ಎಂಬುದಷ್ಟೇ ನನ್ನ ವಾದ. ಇದು ಹೊಸ ಮಾತೂ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಬುನಾದಿ ಹಂತವೆಂದು ಕರೆದು, ಸಾಧ್ಯವಿರುವೆಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತೇ ಮಾಧ್ಯಮವಾಗಿರಲಿ ಎಂದಿದೆ. ಅದೇ ನೀತಿ, ಹನ್ನೆರಡನೆಯ ತರಗತಿ ಮುಗಿಸಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಪ್ರಮಾಣಪತ್ರ ಶಿಕ್ಷಣವನ್ನೂ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾವನ್ನೂ ಕೊಡಬೇಕೆಂದಿತು. 2023ರ ಮೇ ತಿಂಗಳಲ್ಲಿ ಆರಂಭವಾದ 'ಪೋಷಣ ಭೀ, ಪಢಾಈ ಭೀ' ಕಾರ್ಯಕ್ರಮ ಸೇವಿಕೆಯರಿಗಾಗಿ ಇಟ್ಟದ್ದು ಮೂರು ದಿನಗಳ ತರಬೇತಿ. ಮೂರು ದಿನಗಳಲ್ಲಿ ಆಟಿಕೆಗಳ ಪರಿಚಯ ಮಾಡಿಕೊಡಬಹುದು. ಮಗುವಿನ ಮಾತನ್ನು ಆಲಿಸುವ ವಿದ್ಯೆ ಅಷ್ಟರಲ್ಲಿ ಬರುವುದಿಲ್ಲ.

ಅದರ ಮೇಲೆ ಸೇವಿಕೆಯ ದಿನಚರಿಯನ್ನು ನೆನೆಯಿರಿ. ತೂಕ, ಎತ್ತರ, ಲಸಿಕೆ, ಗರ್ಭಿಣಿಯರ ಮನೆಭೇಟಿ, ಆಹಾರದ ಲೆಕ್ಕ, 2021ರಿಂದೀಚೆಗೆ ಪೋಷಣ ಟ್ರ್ಯಾಕರ್‌ನಲ್ಲಿ ನಮೂದು. ಇಷ್ಟರ ನಡುವೆ ಶಾಲಾಪೂರ್ವ ಶಿಕ್ಷಣ. ದೊರೆಯುವುದು ಸಂಬಳವಲ್ಲ, ಮಾನಧನ. 2022ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಇವರಿಗೆ ಗ್ರಾಚ್ಯುಟಿಯ ಹಕ್ಕಿದೆಯೆಂದು ತೀರ್ಪಿತ್ತಾಗ, ಇವರು ನಡೆಸುವ ಶಾಲಾಪೂರ್ವ ಶಿಕ್ಷಣವನ್ನೂ ಪರಿಗಣಿಸಿತ್ತು. ನ್ಯಾಯಾಲಯ ಕಂಡ ಶಿಕ್ಷಕಿಯನ್ನು ಇಲಾಖೆಗಳು ಇನ್ನೂ ಕಾಣಬೇಕಾಗಿದೆ.

ಇಲ್ಲೊಂದು ವಿಚಿತ್ರವಾದ ಕಂದಕವಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂಬ ಸಂವಿಧಾನದ 350ಎ ವಿಧಿ 1956ರ ಏಳನೆಯ ತಿದ್ದುಪಡಿಯಿಂದ ಬಂತು. ಅದು ಹೇಳುವುದು ಪ್ರಾಥಮಿಕ ಹಂತದ ಮಾತನ್ನು. ಆದ್ದರಿಂದ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳಿವೆ. ಅಂಗನವಾಡಿ ಸೇರಿರುವುದು ಶಿಕ್ಷಣ ಇಲಾಖೆಗಲ್ಲ, ಮಹಿಳೆ ಮತ್ತು ಬಾಲವಿಕಾಸ ಇಲಾಖೆಗೆ. ಆರು ವರ್ಷಕ್ಕೆ ಕನ್ನಡ ಪುಸ್ತಕ ಕೊಡುವ ವ್ಯವಸ್ಥೆ ಮೂರರಿಂದ ಆರರವರೆಗೆ ಮಗುವನ್ನು ಮರೆತಿರುತ್ತದೆ. ಆ ಮೂರು ವರ್ಷಗಳಲ್ಲಿ ತಾಯಿತಂದೆಯರ ಮನಸ್ಸೂ ತೀರ್ಮಾನವಾಗಿಬಿಡುತ್ತದೆ. ಕನ್ನಡ ಶಾಲೆಗಳಿಗೆ ಮಕ್ಕಳು ಬರುತ್ತಿಲ್ಲವೆಂದು ಸಭೆಗಳಲ್ಲಿ ಕೊರಗುವ ನಾವು ಅಂಗನವಾಡಿಯ ಹೊಸ್ತಿಲನ್ನು ಎಷ್ಟು ಸಲ ತುಳಿದಿದ್ದೇವೆ?

ಸರಕಾರಕ್ಕೆ ಈ ಸಂಗತಿ ಗೊತ್ತೇ ಇಲ್ಲವೆನ್ನಲಾಗದು. ಸೇವಿಕೆಯರ ನೇಮಕಾತಿಯ ಪ್ರಕಟಣೆಗಳನ್ನು ಓದಿರಿ. ಅರ್ಧಕ್ಕಿಂತ ಹೆಚ್ಚು ಮಕ್ಕಳ ಮಾತು ಮರಾಠಿಯಲ್ಲದಿದ್ದರೆ ಆ ಮಾತು ಬಲ್ಲವಳಿರಬೇಕೆಂಬ ನಿಯಮ ಅಲ್ಲಿದೆ. ಆ ಭಾಷೆಗಳ ಸಾಲಿನಲ್ಲಿ ಕನ್ನಡವೂ ಇದೆ. ಕನ್ನಡ ಬಲ್ಲವಳೆಂದು ಆಯ್ದುಕೊಂಡು, ಆ ಬಲದ ಉಪಯೋಗವನ್ನೇ ಕಲಿಸದೆ ಕಳಿಸುವುದು ಯಾವ ನ್ಯಾಯ?

ಬೇಕಾದದ್ದು ದೊಡ್ಡ ಸಂಗತಿಯೇನಲ್ಲ. ಗಡಿ ತಾಲೂಕುಗಳ ತರಬೇತಿಯಲ್ಲಿ ಒಂದು ದಿನವನ್ನಾದರೂ ದ್ವಿಭಾಷೆಯ ಕೂಸಿಗೆ ಮೀಸಲಿಡಬೇಕು. ಕನ್ನಡದಲ್ಲಿ ಕಥೆ ಹೇಳಿ ಅದೇ ಕಥೆಯನ್ನು ನಾಲ್ಕು ದಿನ ಬಿಟ್ಟು ಮರಾಠಿಯಲ್ಲಿ ಹೇಳುವುದು ಹೇಗೆ, ಮಗು ಎರಡನ್ನೂ ಬೆರೆಸಿ ಆಡಿದಾಗ ತಿದ್ದದೆ ಮುಂದುವರಿಸುವುದು ಹೇಗೆ ಎಂಬುದನ್ನು ಮಾಡಿ ತೋರಿಸಬೇಕು, ಉಪನ್ಯಾಸ ಕೊಡಬಾರದು. ಹಳೆಯ ಸೇವಿಕೆಯರಲ್ಲಿ ಇದನ್ನು ತಾವಾಗಿಯೇ ಕಂಡುಕೊಂಡವರಿದ್ದಾರೆ. ತರಬೇತುದಾರರು ಅವರೇ ಆಗಲಿ.

ಲಿಪಿಯ ತೊಡಕೊಂದಿದೆ. ಕನ್ನಡವಾಡುವ ಎಷ್ಟೋ ಸೇವಿಕೆಯರು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಹಾಡನ್ನು ಬಾಲಬೋಧದಲ್ಲಿ ಬರೆದುಕೊಟ್ಟರಾಯಿತೆಂದು ಕೆಲವರು ಸಲಹೆ ಕೊಡುತ್ತಾರೆ. ಮರಾಠಿ ಬರವಣಿಗೆಯಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆಯಾಗುವುದಿಲ್ಲ. ಹೊಲದ ಬೆಳೆಯೂ ಒಲೆಯ ಮೇಲಿನ ಬೇಳೆಯೂ ಒಂದೇ ಆಗಿಬಿಡುತ್ತವೆ. ತೊಗರಿಯ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ! ಧ್ವನಿಮುದ್ರಿಕೆಯೇ ಲೇಸು, ಅವರ ಕೈಯಲ್ಲಿ ಫೋನು ಹೇಗೂ ಇದೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನೀವು ಜನಪದ ಸಾಹಿತ್ಯದ ಪತ್ರಿಕೆಯಲ್ಲಿ ಶಿಶುಪ್ರಾಸ, ಒಗಟು, ಜೋಗುಳಗಳನ್ನು ಅಂಕಗಳಿಗಾಗಿ ಓದುತ್ತೀರಿ. ಈ ಸಲದ ಕ್ಷೇತ್ರಕಾರ್ಯದಲ್ಲಿ ಅವನ್ನು ನಿಮ್ಮ ನಿಮ್ಮ ಊರಿನ ಆಯಿಯರ ಬಾಯಿಂದಲೇ, ಊರಿನ ಉಚ್ಚಾರದಲ್ಲೇ ಧ್ವನಿಮುದ್ರಿಸಿ ತನ್ನಿರಿ, ಗ್ರಾಂಥಿಕಕ್ಕೆ ತಿದ್ದಬೇಡಿರಿ. ತಂದದ್ದರ ಒಂದು ಪ್ರತಿ ವಿಭಾಗಕ್ಕೆ ಸಲ್ಲಲಿ, ಇನ್ನೊಂದನ್ನು ನಿಮ್ಮ ಊರಿನ ಸೇವಿಕೆಯ ಫೋನಿಗೆ ಕಳಿಸಿರಿ. ಹದಿನೈದು ದಿನ ಬಿಟ್ಟು ಹೋಗಿ, ಮಕ್ಕಳು ಯಾವುದನ್ನು ಹಿಡಿದುಕೊಂಡರು, ಯಾವುದನ್ನು ಬಿಟ್ಟರೆಂದು ಕೇಳಿ ಬರೆದುಕೊಳ್ಳಿರಿ.